ಎರಡನೇ ರಿಂಗು

ಖಲೀಲ್ ಸಾಬ್ರು ಇಂಜಿನ್ ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಬೇರೆ ಮೆಕ್ಯಾನಿಕ್‌ಗಳು ತೊಳೆಯುವುದು ಕೆಲಸ ಮುಗಿದ ಮೇಲೆ. ಯಾಕೆಂದು ಕೇಳಿದರೆ, "ಇದು ಲಾರಿ ಅಲ್ಲ ಇನ್‌ಸ್ಪೆಕ್ಟ್ರೇ. ಕೆಟ್ರೆ ಸೈಡಿಗಾಕಿ ನಿಲ್ಸಕ್ಕಾಗಲ್ಲ" ಅನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಸತ್ಯಮಂಗಲದ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ತರಬೇತಿ ವಿಮಾನಗಳ ಇಂಜಿನ್ ಬಿಚ್ಚಿ ಹೊಸದಾಗಿ ಜೋಡಿಸುತ್ತಿದ್ದೆವು. ಜೋಡಿಸುವವರು ಸಾಬ್ರು. ಪ್ರತಿ ಹಂತವನ್ನೂ ನೋಡಿ ಸಹಿ ಹಾಕಬೇಕಾದ ಇನ್‌ಸ್ಪೆಕ್ಟರ್ ನಾನು. ಅವರ ಕೈಕೆಲಸ ಎಂಬ ನಂಬಿಕೆಯಲ್ಲಿ ನಾನು ಬಗ್ಗಿಯೂ ನೋಡದೆ ಸಹಿ ಹಾಕುತ್ತಿದ್ದೆ.

ಫ್ಲೈಯಿಂಗ್ ಸ್ಕೂಲಿನಿಂದ ಒಂದು ಇಂಜಿನ್ ವಾಪಸ್ ಬಂತು. ಗಂಟೆಗೆ ಸುಮಾರು ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ ಎಂದು ದೂರು.

"ಹೊಸ ಪಿಸ್ಟನ್ ರಿಂಗು, ಸವೆದು ಕೂತ್ಕೊಳ್ಳಕ್ಕೆ ಟೈಮ್ ಬೇಕು" ಎಂದರು ವರ್ಕ್‌ಶಾಪಿನ ಮಾಲೀಕರು.

"ಕೂರಂಗಿದ್ರೆ ಇಷ್ಟೊತ್ತಿಗೆ ಕೂತಿರ್ತಿತ್ತು" ಎಂದರು ಸಾಬ್ರು.

ಹೊರಗೆಲ್ಲೂ ಸೋರಿಕೆ ಇರಲಿಲ್ಲ. ಪ್ಲಗ್‌ಗಳನ್ನು ಬಿಚ್ಚಿದೆವು. ಮೂರು ಸಿಲಿಂಡರಿನವು ಒಣಗಿದ್ದವು, ನಾಲ್ಕನೆಯದು ಆಯಿಲ್‌ನಲ್ಲಿ ತೊಯ್ದಿತ್ತು. ಆ ಸಿಲಿಂಡರ್ ಕಳಚಿದ ಸಾಬ್ರು ಪಿಸ್ಟನ್ನಿನ ಎರಡನೇ ರಿಂಗ್ ಬಿಡಿಸಿ, ಬೆರಳಿನಿಂದ ಸವರಿ, ಇದ್ದ ಹಾಗೆಯೇ ನನ್ನ ಮುಂದೆ ಹಿಡಿದರು. "ಅಕ್ಷರ ಇರೋ ಕಡೆ ಮೇಲಿದ್ಯಾ, ಕೆಳಗಿದ್ಯಾ? ನೋಡ್ಹೇಳಿ."

ಮೇಲಿರಬೇಕಾದ ಅಕ್ಷರ ಕೆಳಗಿತ್ತು. ತಲೆಕೆಳಗಾಗಿ ಕೂತ ರಿಂಗು ಆಯಿಲ್ ಕೆರೆದು ಕೆಳಗಿಳಿಸುವ ಬದಲು ಮೇಲಕ್ಕೆ ತಳ್ಳುತ್ತದೆ.

ಸಾಬ್ರು ಸ್ಟೂಲಿನ ಮೇಲೆ ಕೂತರು. "ಒಂದು ವರ್ಷದಿಂದ ಎಡಗಣ್ಣು ಕಾಣಲ್ಲ. ಬಲಗಣ್ಣಲ್ಲೂ ಮಸುಕು. ಕೈಯಲ್ಲಿ ಸವರ್ಕೊಂಡೇ ಮಾಡ್ತಿದ್ದೆ."

ಆ ಇಂಜಿನ್ನಿನ ಫೈಲು ತೆಗೆದೆ. ಕಾಗದದ ಮೇಲೆ, 'ರಿಂಗ್ ಪರೀಕ್ಷಿಸಲಾಗಿದೆ' ಎಂಬ ಸಾಲಿನ ಎದುರು, ನನ್ನ ಸಹಿ ಇತ್ತು. ಅದೇ ವರ್ಷ ಅವರು ಜೋಡಿಸಿ ನಾನು ಸಹಿ ಹಾಕಿದ ಇನ್ನೂ ಮೂರು ಇಂಜಿನ್‌ಗಳು ಆಗ ಆಕಾಶದಲ್ಲಿದ್ದವು.

ಮಾಲೀಕರು ಬಾಗಿಲು ಮುಂದೆ ಮಾಡಿದರು. "ಇದೊಂದನ್ನ ಸರಿ ಮಾಡಿ ಕಳ್ಸೋಣ ಸಾಬ್ರೇ. ಹೊರಗೆ ಹೇಳಿದ್ರೆ ವರ್ಕ್‌ಶಾಪ್ ಮುಚ್ಕೊಂಡು ಹೋಗ್ತೀವಿ."

ಸಾಬ್ರು ಫೋನನ್ನು ನನ್ನ ಕಡೆ ತಳ್ಳಿದರು. "ಸ್ಕೂಲಿನ ನಂಬರ್ ಒತ್ತಿ ಕೊಡಿ. ನಂಗೆ ಕಾಣಲ್ಲ."

ಒತ್ತಿ ಕೊಟ್ಟೆ. "ನಮ್ಮ ಇಂಜಿನ್ ಇರೋ ವಿಮಾನ ಯಾವ್ದನ್ನೂ ಹಾರಿಸ್ಬೇಡಿ. ತಪ್ಪು ನಂದು" ಎಂದು ಅವರು ಹೇಳುತ್ತಿದ್ದಂತೆ, "ನಂದೂ ಇದೆ" ಎಂದು ನಾನು ಪಕ್ಕದಿಂದ ಅಂದೆ. ಆಚೆ ತುದಿಗೆ ಕೇಳಿಸಿತೋ ಇಲ್ಲವೋ.

ಮೂರೂ ಇಂಜಿನ್ ವಾಪಸ್ ಬಂದವು. ಎರಡು ಸರಿಯಾಗಿದ್ದವು. ಇನ್ನೊಂದರಲ್ಲಿ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡಿನ ನಟ್ಟಿಗೆ, ಅದು ಸಡಿಲಾಗದಂತೆ ತಡೆಯುವ ಪಿನ್ನೇ ಇರಲಿಲ್ಲ. ನಟ್ಟು ಅರ್ಧ ಸಡಿಲಾಗಿತ್ತು. ಮುಟ್ಟಿದರೆ ತಿರುಗುತ್ತಿತ್ತು.

ಸಾಬ್ರು ಮತ್ತೆ ವರ್ಕ್‌ಶಾಪಿಗೆ ಬರಲಿಲ್ಲ. ನನ್ನ ಸಹಿಯ ಅಧಿಕಾರ ಹೋಯಿತು. ಕೆಲವು ವರ್ಷಗಳ ನಂತರ ಬಟವಾಡಿಯ ಅವರ ಬಾಡಿಗೆ ಮನೆಗೆ ಹೋದೆ. ನನ್ನ ದನಿ ಕೇಳಿಯೇ ಗುರುತು ಹಿಡಿದರು. ಎರಡೂ ಕಣ್ಣು ಹೋಗಿದ್ದವು.

"ಡಾಕ್ಟ್ರು ಬೈದ್ರು. ಒಂದು ವರ್ಷ ಮೊದ್ಲೇ ಬಂದಿದ್ರೆ ಒಂದಾದ್ರೂ ಉಳಿಸಬಹುದಿತ್ತಂತೆ."

"ಯಾಕೆ ಹೋಗ್ಲಿಲ್ಲ ಸಾಬ್ರೇ?"

"ಕೆಲ್ಸ ಬಿಡು ಅಂದ್ಬಿಟ್ರೆ ಅಂತ ಭಯ."

ಕುಣಿಗಲ್ಲಿನ ಮಗಳ ಮನೆಯಲ್ಲಿ ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ. ಮಣ್ಣಿಗೂ ಹೋಗಲಾಗಲಿಲ್ಲ.