ಕರಿಯಾಗಿ ಕಂಡ ಬೆಳ್ಳಿ

ಆಗ ನಾವು ನಾಸಿಕದ ಅಂಬಡ್‌ನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನಾನು ಹತ್ತಿರದ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುತ್ತದೆ, ಮತ್ತೆ ನೂರು ವರ್ಷ ಹೀಗೆ ಕಾಣಸಿಗದು ಎಂದು ಟಿವಿಯಲ್ಲಿ ಕೇಳಿದ ಮಗಳು ನೋಡಲೇಬೇಕೆಂದು ಪಟ್ಟು ಹಿಡಿದಳು. ಕಾರ್ಖಾನೆಯ ಸ್ಟೋರಿನವರನ್ನು ಕಾಡಿ ಬೇಡಿ, ಅವರಲ್ಲಿದ್ದ ಅತಿ ಕಪ್ಪಾದ ಹದಿನಾಲ್ಕನೇ ನಂಬರಿನ ವೆಲ್ಡಿಂಗ್ ಗಾಜು ತಂದೆ.

ಬೀದರಿನಿಂದ ಬಂದು ನಮ್ಮ ಜೊತೆಗಿದ್ದ ಅವ್ವನಿಗೆ ಶುಕ್ರ ಎಂದರೆ ಯಾವುದೆಂದು ತಿಳಿಯಲಿಲ್ಲ. "ಬೆಳ್ಳಿ ಚಿಕ್ಕಿ, ಅವ್ವಾ" ಎಂದ ಮೇಲೆ ಮುಖ ಅರಳಿತು. ಹೊಲಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವಳು ಏಳುತ್ತಿದ್ದುದೇ ಆ ಚುಕ್ಕಿ ನೋಡಿ.

ಬೆಳಿಗ್ಗೆ ಆರಕ್ಕೆಲ್ಲ ಇಡೀ ಕಟ್ಟಡ ತಾರಸಿಯ ಮೇಲಿತ್ತು. ಸೂರ್ಯ ಮಾತ್ರ ಮೋಡದೊಳಗೆ. ಏಳಕ್ಕೆ ನನ್ನ ಶಿಫ್ಟು. ಇನ್ನು ಹೊರಡೋಣ ಎನ್ನುವಷ್ಟರಲ್ಲಿ ಮೋಡ ಸರಿಯಿತು. ಕಣ್ಣಿಗೆ ಗಾಜು ಹಿಡಿದ ಮಗಳು "ದಿಸ್ಲಾ! ದಿಸ್ಲಾ!" ಕಂಡಿತು, ಕಂಡಿತು ಎಂದು ಮರಾಠಿಯಲ್ಲಿ ಕೂಗಿ ಕುಣಿದಳು. ಆಮೇಲೆ ಅವ್ವನ ಸರದಿ. ಗಾಜಿನಲ್ಲಿ ಹಸಿರು ಬಿಲ್ಲೆಯಂತಿದ್ದ ಸೂರ್ಯನ ಮೇಲೆ ಸಾಸಿವೆಯಷ್ಟು ಕರಿ ಚುಕ್ಕೆ.

ಅವ್ವ ಗಾಜು ಇಳಿಸಿ ನನ್ನನ್ನು ದಿಟ್ಟಿಸಿದಳು. "ಇದು ಬೆಳ್ಳಿ ಅಲ್ಲ ಬಿಡು. ಬೆಳ್ಳಿ ಥಳಥಳ ಹೊಳೀತದ. ಇದು ಕರ್ರಗ ಅದ."

"ಅದೇ ಅದ ಅವ್ವಾ. ಅದಕ್ಕ ಸ್ವಂತ ಬೆಳಕಿಲ್ಲ..." ಎಂದು ಶುರು ಮಾಡಿದೆ.

ಕೆಳಮನೆಯಾಕೆ ಚಹಾ ತಂದಿದ್ದ ಸ್ಟೀಲ್ ತಟ್ಟೆ ಎತ್ತಿಕೊಂಡು, ಅವ್ವನನ್ನು ಕತ್ತಲಿದ್ದ ಮೆಟ್ಟಿಲಿಗೆ ಕರೆದೊಯ್ದು ಬಲ್ಬು ಹಾಕಿದೆ. ಬಲ್ಬಿನ ಎದುರಿಗೆ ಗೋಡೆಯ ಬಳಿ ಹಿಡಿದರೆ ತಟ್ಟೆ ಫಳಫಳ ಹೊಳೆಯಿತು. ಅದನ್ನೇ ಬಲ್ಬಿಗೂ ಅವ್ವನ ಕಣ್ಣಿಗೂ ನಡುವೆ ತಂದಾಗ ಕಪ್ಪಾಯಿತು.

ಅವ್ವ ತಟ್ಟೆಯ ಹಿಂಬದಿಯನ್ನು ಮುಟ್ಟಿ ನೋಡಿದಳು. "ಹಂಗಾರ ಬೆಳಕು ಬೀಳೋ ಮಾರಿ ಸೂರ್ಯನ ಕಡಿ ಅದ. ನಮಗ ಕಾಣೋದು ಬೆನ್ನು, ಹೌದಿಲ್ಲೋ?"

"ಹೌದವ್ವಾ, ಅಷ್ಟೇ."

ಅವ್ವ ತಟ್ಟೆಯನ್ನು ನನ್ನ ಕೈಯಿಂದ ಕಸಿದುಕೊಂಡು ಮೇಲೆ ಹೋದಳು. ಮರಾಠಿಯಲ್ಲಿ ಬೆನ್ನಿಗೆ ಪಾಠ ಎನ್ನುತ್ತಾರೆ. ಅವಳಿಗೆ ಬರುತ್ತಿದ್ದ ನಾಲ್ಕು ಮರಾಠಿ ಮಾತುಗಳಲ್ಲಿ ಅದೂ ಒಂದು. ತಟ್ಟೆ ತಿರುಗಿಸುತ್ತ, "ಪಾಠ! ಪಾಠ!" ಎನ್ನುತ್ತ ನೆರೆಹೊರೆಯವರಿಗೆಲ್ಲ ಪಾಠ ಶುರು ಮಾಡಿಯೇ ಬಿಟ್ಟಳು. ಎಲ್ಲರೂ ನಕ್ಕರು, ಎಲ್ಲರಿಗೂ ತಿಳಿಯಿತು.

ನಾನು ಅರ್ಧ ತಾಸು ತಡವಾಗಿ ಹೋಗಿ ಸೂಪರ್‌ವೈಸರಿಂದ ಬೈಸಿಕೊಂಡೆ. ಸಂಜೆ ಮರಳಿದಾಗ ಅವ್ವ ಫೋನಿನಲ್ಲಿ ಬೀದರಿನಲ್ಲಿದ್ದ ತನ್ನ ಅಕ್ಕನಿಗೆ ಹೇಳುತ್ತಿದ್ದಳು: "ಬೆಳ್ಳಿ ಮಾರಿ ದಿನಾ ನೋಡೀರಿ ಅಕ್ಕಾ. ನಾ ಇವತ್ತು ಅದರ ಬೆನ್ನ ನೋಡೀನಿ!"