ಜಾಗವಿದ್ದೂ ಹಿಡಿಯದ ಡಿಸ್ಕು

ನಮ್ಮ ಸಾಹೇಬರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಕೂಡ್ಲಿಗಿಯ ಒಂದು ಸಣ್ಣ ನಕಾಶೆ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಿರೇಹಡಗಲಿಯಿಂದ ಗುಡೇಕೋಟೆಯವರೆಗಿನ ಕೆರೆ, ಹಳ್ಳ, ಗುಡ್ಡಗಳನ್ನು ವಿಮಾನದಿಂದ ತೆಗೆದ ಫೋಟೊಗಳು ನಮ್ಮಲ್ಲಿಗೆ ಸಿ.ಡಿ.ಗಳಲ್ಲಿ ಬರುತ್ತಿದ್ದವು. ಅವನ್ನು ಅಂಚಿಗೆ ಅಂಚು ಕೂಡಿಸಿ ಒಂದೇ ಚಿತ್ರ ಮಾಡುವವಳು ಕೊಟ್ಟೂರಿನ ಒಬ್ಬ ಮೆಕ್ಯಾನಿಕ್‌ನ ಮಗಳು. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು.

ಈ ಚಿತ್ರಗಳನ್ನಿಡಲು ಸರ್ವರ್ ತರಿಸುವಾಗಲೇ ನಾನು ಸಾಹೇಬರಿಗೆ ಹೇಳಿದ್ದೆ.

“ವಿಂಡೋಸ್ ಬದಲಿ ಲಿನಕ್ಸ್ ಹಾಕೋಣ್ರಿ ಸರ್. ಅದರ ಹೊಸಾ ಫೈಲ್ ಸಿಸ್ಟಮ್‌ನಾಗ ಫೈಲ್ ಬರೆಯುವಾಗ ಕರೆಂಟ್ ಹೋದ್ರೂ ಡಿಸ್ಕ್ ಜಲ್ದಿ ಸುಧಾರಿಸ್ಕೊಂತತಿ. ಹಳೇ ವಿಂಡೋಸ್ ಹಾಕಿ, ಫೈಲಿಡೋ ಅದರ ಫ್ಯಾಟ್ ಪದ್ಧತಿಯಾಗ ಇಟ್ರ ಒಂದು ಫೈಲು ನಾಕು ಜಿಬಿ ದಾಟಂಗಿಲ್ಲ. ನಮ್ಮ ಚಿತ್ರ ಅದಕ್ಕಿಂತ ದೊಡ್ಡದಾಗತಾವು.”

“ಡಿಸ್ಕ್ ಎಂಬತ್ತು ಜಿಬಿ ಐತಿ. ನೀವು ನಾಕರ ಮಾತಾಡ್ತೀರಲ್ರೀ!” ಎಂದು ನಕ್ಕರು. ಪಕ್ಕದಲ್ಲಿ ಕೂತಿದ್ದ ಅವರ ಭಾಮೈದನೂ ನಕ್ಕ. ಯಂತ್ರ ತಂದವನು ಅವನೇ. “ನನಗ ಗೊತ್ತಿರೋದು ಇದೊಂದs ಅಕ್ಕಾರ, ಇದನ್ನs ಹಾಕ್ತೀನಿ,” ಎಂದು ಹಳೇ ವಿಂಡೋಸ್ ಹಾಕಿ, ಚಹಾ ಕುಡಿದು ಹೋದ. ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇಡೋಣವೆಂದರೆ ಅದು ದುಡ್ಡು ದಂಡ ಎಂದರು ಸಾಹೇಬರು.

ಕೆಲವು ತಿಂಗಳಲ್ಲಿ ಅವಳು ಎಲ್ಲ ತುಂಡುಗಳನ್ನೂ ಕೂಡಿಸಿ ಮುಗಿಸಿದಳು. ಹಿರೇಹಡಗಲಿಯ ಸುತ್ತ ಬರೀ ಬಯಲು ಹೊಲ; ಎರಡು ಫೋಟೊಗಳಲ್ಲೂ ಕಾಣುವ ಒಂದು ಬಾವಿಯನ್ನೋ ಬನ್ನಿಮರವನ್ನೋ ಹುಡುಕಿ ಹುಡುಕಿ ಅವಳ ಕಣ್ಣು ಕೆಂಪಾಗಿರುತ್ತಿತ್ತು. ಕೊನೆಗೆ ಸರ್ವರಿನಲ್ಲಿದ್ದ ಆ ತುಂಡುಗಳನ್ನೆಲ್ಲ ಒಂದೇ ಫೈಲಾಗಿಸಿ ಅದರ ಡಿಸ್ಕಿಗೆ ಕಳಿಸಿದಾಗ ಅದು ನಾಲ್ಕು ಜಿಬಿ ಮುಟ್ಟಿ ನಡುವೆಯೇ ನಿಂತಿತು. ‘ಡಿಸ್ಕಿನಲ್ಲಿ ಜಾಗ ಸಾಲದು’ ಎಂದು ಪರದೆಯ ಮೇಲೆ ಬಂತು. ಮುಕ್ಕಾಲು ಡಿಸ್ಕು ಖಾಲಿ ಬಿದ್ದಿತ್ತು.

ನಾನು ಅಂದು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಮರಳಿ ಬಂದಾಗ ಅವಳು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು.

“ಏನೇನ್ ಸಿನಿಮಾ ಹಾಡು ತುಂಬಿ ಇಟ್ಟೀಯವಾ ಅಂದ್ರು ಸಾಹೇಬ್ರು. ಜಾಗ ಮಾಡ್ತೀನಿ ಅಂತ ನಾ ಕೂಡಿಸಿದ ಹಿರೇಹಡಗಲಿ ತುಂಡೆಲ್ಲಾ ಅಳಿಸಿಬಿಟ್ರು ಅಕ್ಕಾರ,” ಎಂದಳು.

ನನ್ನ ಮೈಯೆಲ್ಲ ಉರಿಯಿತು. ಒಳಗೆ ಹೋಗಿ, ಚಹಾ ಹೀರುತ್ತಿದ್ದ ಸಾಹೇಬರನ್ನು ಎಬ್ಬಿಸಿ ಸರ್ವರಿನ ಮುಂದೆ ಕೂರಿಸಿದೆ. “ಉಳಿದ ತುಂಡು ಕೂಡಿಸಿ ಈಗ ನೀವs ಕಳಸ್ರಿ. ನಿಮ್ಮ ಕೈಯಿಂದ.” ಕಳಿಸಿದರು. ಅದು ಅದೇ ಜಾಗಕ್ಕೆ ನಿಂತಿತು. ಮತ್ತೆ ಕಳಿಸಿದರು, ಮತ್ತೆ ಅಲ್ಲೇ ನಿಂತಿತು. “ಖಾಲಿ ಜಾಗ ಎಷ್ಟೈತಿ, ಓದ್ರಿ,” ಎಂದೆ. ಅವರು ಚಹಾದ ಲೋಟದತ್ತ ಕೈ ಚಾಚಿದರು.

“ಅಕೀ ತಪ್ಪು ಎಲ್ಲೈತಿ ಹೇಳ್ರಿ ಸರ್? ಬ್ಯಾಡ ಅಂದದ್ದನ್ನ ಹಾಕಿಸಿದವ್ರು ನೀವು. ಕೇಳದs ಅಳಿಸಿದವ್ರೂ ನೀವು.” ನನ್ನ ಧ್ವನಿ ರಸ್ತೆಗೆ ಕೇಳಿಸಿರಬೇಕು, ಎದುರಿನ ಟೇಲರ್ ಮಿಷನ್ ನಿಲ್ಲಿಸಿ ನೋಡುತ್ತಿದ್ದ.

“ಏನಾರ ಮಾಡ್ಕೊಳ್ರಿ,” ಎಂದು ಸಾಹೇಬರು ಎದ್ದು ಹೋದರು. ಮೆಟ್ಟಿಲ ಮೇಲಿದ್ದ ಅವಳನ್ನು ದಾಟಿಕೊಂಡೇ ನಡೆದರು.

ಉಳಿದ ತುಂಡುಗಳನ್ನು ಸಿ.ಡಿ.ಗೆ ಇಳಿಸಿ, ಮರುದಿನ ಡಿಸ್ಕು ಪೂರ್ತಿ ಒರೆಸಿ ಲಿನಕ್ಸ್ ಹಾಕಿದೆ. ಅವಳು ಹಿರೇಹಡಗಲಿ ಕೆಲಸವನ್ನು ಮೊದಲಿನಿಂದ ಶುರು ಮಾಡಿದಳು. ಬೇಡವೆಂದು ನಾನೇ ಹೇಳಿದರೂ ಕೇಳಲಿಲ್ಲ. ಮುಗಿದ ದಿನ ಪೂರ್ತಿ ಚಿತ್ರ ಎಲ್ಲೂ ನಿಲ್ಲದೆ ಡಿಸ್ಕಿಗೆ ಇಳಿಯಿತು. ಸಂಜೆ ಅವಳು ರಾಜೀನಾಮೆ ಕೊಟ್ಟಳು.

ಆಮೇಲೆ ಜಿಲ್ಲಾ ಕಚೇರಿಯಿಂದ ಚಿತ್ರ ನೋಡಲು ಬಂದವರ ಮುಂದೆ ಸಾಹೇಬರು ಎದೆಯುಬ್ಬಿಸಿ, “ಭಾಳ ವಿಚಾರ ಮಾಡಿ ಲಿನಕ್ಸ್ ಹಾಕಿಸೀನ್ರಿ,” ಎಂದರು. ಬಂದವರು ತಲೆದೂಗಿದರು. ಅವಳ ವಿಷಯ ನಾನೇ ಎತ್ತಿದೆ. “ಅದೆಲ್ಲಾ ಈಗ್ಯಾಕ್ರೀ,” ಎಂದು ಸಾಹೇಬರು ಬಂದವರನ್ನು ಊಟಕ್ಕೆ ಎಬ್ಬಿಸಿದರು.

ಎಷ್ಟೋ ದಿನದ ಮೇಲೆ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಸ್ವಂತ ಫೋಟೊ ಸ್ಟುಡಿಯೊ ಇಟ್ಟಿದ್ದಳು.

“ಅಷ್ಟಾದ ಮ್ಯಾಲೂ ಯಾಕ ಕುಂತು ಮುಗಿಸಿದೆವಾ? ಸಿಟ್ಟು ಬಂದಿರ್ಲಿಲ್ಲೇನು?” ಎಂದು ಕೇಳಿದೆ.

“ಬಂದಿತ್ರಿ ಅಕ್ಕಾರ. ಅದಕ್ಕs ಮುಗಿಸಿದೆ. ಅರ್ಧಕ್ಕ ಬಿಟ್ಟಿದ್ರ, ‘ಅಕೀ ಕೈಲೆ ಆಗ್ಲಿಲ್ಲ’ ಅಂತಿದ್ರು ಸಾಹೇಬ್ರು,” ಎಂದಳು.