ಚೀಟಿ ಅಕ್ಕನ ಡಬ್ಬಿ

ಮಗಳ ಗದ್ದದ ಮೇಲಿನ ಮೂರು ಹೊಲಿಗೆಯ ಗುರುತು ಮಾಸಿ ಹೋಗಿತ್ತು. ಅಮ್ಮನ ಎದೆಯಲ್ಲಿ ಮಾತ್ರ ಅದು ಇನ್ನೂ ಹಸಿಯಾಗಿಯೇ ಇತ್ತು. ಹುಡುಗಿ ಆಟದ ಮೈದಾನದಲ್ಲಿ ಬಿದ್ದದ್ದು ಹನ್ನೊಂದು ಗಂಟೆಗೆ, ಅಮ್ಮನಿಗೆ ಸುದ್ದಿ ತಿಳಿದದ್ದು ಒಂದೂವರೆಗೆ. ಶಾಲೆಯವರು ಎರಡೂವರೆ ತಾಸು ಅವಳ ಹಳೆಯ ನಂಬರಿಗೇ ಫೋನ್ ಮಾಡುತ್ತಿದ್ದರಂತೆ. ಹೊಸ ನಂಬರು ಕೊಡಲು ಮರೆತವಳು ತಾನೇ ಎನ್ನುವುದನ್ನು ಅವಳು ಗಂಡನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅಂದಿನಿಂದ ಮಗಳು ಶಾಲೆಯ ಗೇಟು ದಾಟಿದಳೆಂದರೆ ಇವಳ ಕಣ್ಣು ಗಡಿಯಾರದ ಮೇಲೆ. ದಿನಕ್ಕೊಂದಾದರೂ ಫೋನ್ ಶಾಲೆಯ ಆಫೀಸಿಗೆ ಹೋಗಲೇಬೇಕು. ಆ ಕಡೆಯಿಂದ ಒಂದೇ ದನಿ: "ಹೇಳಿ ಅಮ್ಮಾ, ಏನು ಬರೀಲಿ?"

ಅದು ಚೀಟಿ ಅಕ್ಕನ ದನಿ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಅಟೆಂಡರ್. ಬೀಗ ತೆಗೆಯುವವಳೂ ಅವಳೇ, ಗಂಟೆ ಹೊಡೆಯುವವಳೂ ಅವಳೇ. ಮಕ್ಕಳ ಕೈಗೆ ಫೋನ್ ಕೊಡದ ಆ ಶಾಲೆಯಲ್ಲಿ ಮನೆಯ ಮಾತು ಮಗುವಿಗೆ ಮುಟ್ಟಬೇಕಾದರೆ ಅವಳ ಕಾಲೇ ಗತಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ಖಾಲಿ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುವಳು. ಓದಿದ್ದು ಏಳನೇ ತರಗತಿವರೆಗೆ. ಮಂಡಿ ನೋವು ಬೇರೆ. ಆದರೂ "ಅಜ್ಜಿ ಊರಿಂದ ಬಂದಿದ್ದಾರೆ", "ಕೊಡೆ ಆಫೀಸಲ್ಲಿದೆ" ಎಂಬಂಥ ಚೀಟಿಗಳನ್ನು ಹಿಡಿದು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯುವಳು.

ಈಗ ಶಾಲೆ ಹೆತ್ತವರ ಅಭಿಪ್ರಾಯ ಕೇಳಿ ಒಂದು ಫಾರ್ಮ್ ಕಳಿಸಿತ್ತು. ತರಗತಿಯಲ್ಲಿ ಮಕ್ಕಳ ಬಳಿ ಫೋನ್ ಇರಬಹುದೇ? ಹೌದು, ಬೇಡ. ಶುಕ್ರವಾರ ಮೂರು ಗಂಟೆಯೊಳಗೆ ತಿಳಿಸಬೇಕು, ಫೋನಿನಲ್ಲಿ ಹೇಳಿದರೂ ಆದೀತು. ಇವಳು ಎರಡನೇ ಸಲ ಓದದೆಯೇ "ಹೌದು" ಎಂದು ಗುರುತು ಹಾಕಿದಳು. ಗಂಡನ ಹಳೆಯ ಫೋನನ್ನು ಒರೆಸಿ, ಚಾರ್ಜಿಗೂ ಇಟ್ಟಳು.

"ಅದಕ್ಕಿಂತ ನೀನೇ ಐದನೇ ಕ್ಲಾಸಿಗೆ ಸೇರ್ಕೊಂಡುಬಿಡು," ಎಂದ ಗಂಡ. "ಅವಳ ಪಕ್ಕದ ಬೆಂಚಲ್ಲೇ ಕೂತ್ಕೋಬಹುದು."

"ನಿಮಗೇನು, ತಮಾಷೆ!"

ಗುರುವಾರ ಫಾರ್ಮ್ ಕೊಡಲು ತಾನೇ ಹೋದಳು. ಆಫೀಸಿನಲ್ಲಿ ಚೀಟಿ ಅಕ್ಕ ಒಬ್ಬಳೇ ಇದ್ದಳು. "ಕೂತ್ಕೊಳಿ ಅಮ್ಮಾ, ಎರಡನೇ ಪೀರಿಯಡ್ ಗಂಟೆ ಹೊಡೆದು ಬಂದೆ. ಪೆನ್ನು ಬೇಕಿದ್ರೆ ಆ ಡ್ರಾಯರಲ್ಲಿದೆ," ಎಂದು ಹೊರಟಳು.

ಡ್ರಾಯರಿನಲ್ಲಿ ಪೆನ್ನಿನ ಪಕ್ಕ ಮುಚ್ಚಳವಿಲ್ಲದ ಬಿಸ್ಕತ್ತಿನ ಡಬ್ಬಿ, ತುಂಬ ಚೀಟಿಗಳು. ಮೇಲಿನದರ ಮೇಲೆ ಅವಳ ಕಣ್ಣು ಬಿತ್ತು. 'ಐದನೇ ಬಿ. ನೀರು ಕುಡಿದೆಯಾ? ಅಮ್ಮ.' ಅದರ ಕೆಳಗೆ, 'ಸ್ವೆಟರ್ ಹಾಕಿಕೊಂಡಿದ್ದೀಯಾ? ಅಮ್ಮ.' ಅದರ ಕೆಳಗೆ, 'ಗದ್ದ ಮುಟ್ಟಿಕೊಳ್ಳಬೇಡ.' ಎಲ್ಲವೂ ಇವಳದೇ! ಕೊಡಲೆಂದು ಒಂದನ್ನೂ ಮಡಚಿರಲಿಲ್ಲ. ಒಂದೂ ಮಗಳ ಕೈ ಸೇರಿರಲಿಲ್ಲ.

ಚೀಟಿ ಅಕ್ಕ ಬಾಗಿಲಿಗೆ ಬರುವ ಹೊತ್ತಿಗೆ ಇವಳ ಮುಖ ಕೆಂಪಾಗಿತ್ತು.

"ಏನಿದು? ಕುಡಿದಳು, ಹಾಕ್ಕೊಂಡಿದ್ದಾಳೆ ಅಂತ ದಿನಾ ನನಗೆ ಹೇಳ್ತಿದ್ರಲ್ಲ, ಅದೆಲ್ಲ ಸುಳ್ಳಾ?"

"ಒಂದೂ ಸುಳ್ಳಲ್ಲಮ್ಮಾ." ಚೀಟಿ ಅಕ್ಕ ಮಂಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. "ಮೊದಮೊದಲು ಕೊಡ್ತಿದ್ದೆ. ನಾನು ಬಾಗಿಲಿಗೆ ಬಂದ್ರೆ ಸಾಕು, ಪಾಠ ನಿಲ್ತಿತ್ತು. ನಲವತ್ತು ತಲೆ ತಿರುಗ್ತಿದ್ವು. 'ಬಂತಪ್ಪಾ, ರಾಣಿಗೆ ಪತ್ರ' ಅಂತ ಹಿಂದಿನ ಬೆಂಚಿಂದ ಕೂಗೋರು. ಒಂದಿನ ಕೈತೊಳೆಯೋ ನಲ್ಲಿ ಹತ್ರ ನಿಂತು ಅಳ್ತಿದ್ಲು, ಪಾಪ. ಅಮ್ಮಂಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ ಅಂದ್ಲು. ಅವತ್ತಿಂದ ನೀವು ಫೋನ್ ಮಾಡಿದಾಗೆಲ್ಲ ನಾನೇ ಮೇಲೆ ಹೋಗಿ, ಕಿಟಕೀಲಿ ನೋಡ್ಕೊಂಡು ಬರ್ತೀನಿ. ಬಾಟಲಿ ಎಷ್ಟು ಖಾಲಿಯಾಗಿದೆ, ಸ್ವೆಟರ್ ಮೈಮೇಲಿದೆಯೋ ಬೆಂಚಿನ ಮೇಲಿದೆಯೋ. ಕಂಡಿದ್ದನ್ನ ನಿಮಗೆ ಹೇಳ್ತೀನಿ."

"ತಡೆಯೋಕೆ ನೀವ್ಯಾರು?" ಎಂದಳು. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

"ಕೇಳ್ಬೇಕಾದ ಮಾತೇ. ನಿಮಗೆ ಹೇಳದೇ ಮಾಡಿದ್ದು ನನ್ನದೇ ತಪ್ಪು. ಬೇಕಾದ್ದನ್ನ ಮಾತ್ರ ಯಾವತ್ತೂ ತಡೆದಿಲ್ಲಮ್ಮಾ. ಹೊಲಿಗೆ ಹಾಕಿಸೋಕೆ ಎತ್ಕೊಂಡು ಓಡಿದ್ದೂ ನಾನೇ. ಡಾಕ್ಟರು ಸೂಜಿ ತೆಗೆದ್ರೆ ನನ್ನ ಬೆರಳು ಹಿಸುಕಿ ಜಜ್ಜಿಬಿಟ್ಲು ನಿಮ್ಮ ಮಗಳು." ಬೆರಳು ಮಡಚಿ ತೋರಿಸಿ ನಕ್ಕಳು. "ನನ್ನ ಮಗಳೂ ದೊಡ್ಡಾಸ್ಪತ್ರೇಲಿ ನರ್ಸು. ಕೆಲಸ ಸಿಕ್ಕ ಹೊಸದರಲ್ಲಿ ನಾನೂ ಹೀಗೇ, ಗಂಟೆಗೊಂದು ಫೋನು. ಕೊನೆಗೆ ಅವಳೇ ಅಂದ್ಲು, ಅಮ್ಮಾ, ನೀನು ಫೋನ್ ಮಾಡಿದಾಗೆಲ್ಲ ಒಬ್ಬ ರೋಗಿ ಕೈ ಬಿಟ್ಟು ನಿನ್ನ ಕೈ ಹಿಡೀಬೇಕು ನಾನು, ಅಂತ."

ಇವಳು ಫಾರ್ಮನ್ನು ಮಡಚಿ ಬ್ಯಾಗಿನೊಳಗೆ ಇಟ್ಟುಕೊಂಡು ಮನೆಗೆ ಬಂದಳು. ಚಾರ್ಜಿನಲ್ಲಿದ್ದ ಹಳೆಯ ಫೋನು ಹಸಿರು ದೀಪ ತೋರಿಸುತ್ತಿತ್ತು. ತಾನು ದಿನಕ್ಕೆ ಒಂದೆರಡು ಫೋನಿಗೇ ನಿಲ್ಲಿಸಿದ್ದು ನಡುವೆ ಚೀಟಿ ಅಕ್ಕನ ಮಂಡಿ ನೋವಿತ್ತೆಂದೇ ಎಂದು ಅವಳಿಗೆ ಆಗ ಹೊಳೆಯಿತು. ಈ ಫೋನು ಮಗಳ ಜೇಬಿನಲ್ಲಿದ್ದರೆ ತಾನು ಹತ್ತಕ್ಕೂ ನಿಲ್ಲುವವಳಲ್ಲ. ಅದಕ್ಕೆ ಮಂಡಿ ನೋಯುವುದಿಲ್ಲ. ಒಂದನ್ನೂ ಡಬ್ಬಿಗೆ ಹಾಕಿ ಬಚ್ಚಿಡುವುದಿಲ್ಲ.

ಶುಕ್ರವಾರ ಬೆಳಗಿನಿಂದ ಅವಳು ಫೋನನ್ನು ಕೈಗೆತ್ತಿಕೊಂಡದ್ದೆಷ್ಟೋ, ಕೆಳಗಿಟ್ಟದ್ದೆಷ್ಟೋ. ಪಾತ್ರೆ ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಹನ್ನೊಂದಾಯಿತು. ಮಗಳು ಬಿದ್ದ ಹೊತ್ತು. ಕೈ ಫೋನಿನ ಕಡೆ ಹೋಯಿತು, ವಾಪಸು ಬಂತು. ಒಂದೂವರೆಯೂ ಆಯಿತು. ಏನೂ ಆಗಲಿಲ್ಲ.

ಮೂರಕ್ಕೆ ಹತ್ತು ನಿಮಿಷ ಇರುವಾಗ ಫಾರ್ಮನ್ನು ಎದುರಿಗೆ ಹರಡಿ, "ಹೌದು" ಎಂಬುದನ್ನು ಹೊಡೆದುಹಾಕಿ, ಶಾಲೆಯ ನಂಬರು ಒತ್ತಿದಳು.

"ಹೇಳಿ ಅಮ್ಮಾ, ಏನು ಬರೀಲಿ?"

"ಇವತ್ತು ಚೀಟಿ ಬೇಡ ಅಕ್ಕಾ. ಫಾರ್ಮ್‌ಗೆ ನನ್ನ ಉತ್ತರ ಬರ್ಕೊಳಿ. ಬೇಡ ಅಂತ. ಮತ್ತೆ... ನನ್ನ ನಂಬರ್ ಸರಿಯಾಗಿದೆಯಾ ಒಂದ್ಸಲ ನೋಡಿ. ಹೋದ ಸಲ ಕೊಡೋಕೆ ಮರೆತಿದ್ದು ನಾನೇ."

"ಗೊತ್ತಿತ್ತಮ್ಮಾ," ಎಂದಳು ಚೀಟಿ ಅಕ್ಕ ಮೆಲ್ಲಗೆ. "ಸರಿಯಾಗಿದೆ. ಗೋಡೆ ಮೇಲೆ ಬರೆದಿಟ್ಟಿದ್ದೀನಿ."

ಫೋನ್ ಇಡಬೇಕಿತ್ತು. ಇಡಲಾಗಲಿಲ್ಲ.

"ಅಕ್ಕಾ... ನೀವು ಆ ಕಡೆ ಏನಾದ್ರೂ ಹೋದ್ರೆ..."

ಆ ಕಡೆಯಿಂದ ನಗು ಕೇಳಿಸಿತು. "ಈಗಷ್ಟೇ ಇಳಿದು ಬಂದೆ. ಟೀಚರ್ ಏನೋ ಕೇಳ್ತಿದ್ರು. ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ನಿಮ್ಮ ಮಗಳೇ."